ಶಂಕ್ರಮ್ಮ ಕತ್ತರಿ ಹಿಡಿದರೆ ಗಾಡಿ ಗಟ್ಟಿ

ರಾಯಚೂರಿಗೆ ಹೋಗುವ ಮೊದಲ ಬಸ್ಸು ಇನ್ನೂ ಮಕ್ತಲ್ ದಾಟಿಲ್ಲ. ನಾರಾಯಣಪೇಟೆಯ ರಸ್ತೆ ಬಂದು ಕೂಡುವಲ್ಲಿ, ಬೇವಿನ ಮರದ ಕೆಳಗೆ, ಬೂದು ಬಣ್ಣದ ಕಾರೊಂದು ನಾಲ್ಕೂ ಬಾಗಿಲು ತೆರೆದುಕೊಂಡು ನಿಂತಿದೆ. ಡ್ರೈವರ್ ಸೀಟು ಇರಬೇಕಾದ ಜಾಗದಲ್ಲಿ ಶಂಕ್ರಮ್ಮ ಮಂಡಿಯೂರಿದ್ದಾರೆ. ಸೆರಗು ಸೊಂಟಕ್ಕೆ ಬಿಗಿದಿದೆ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ಬಾಯಲ್ಲಿ ಕಚ್ಚಿಕೊಂಡ ಸಣ್ಣ ಟಾರ್ಚು ಬ್ಯಾಟರಿ. ಕಳಚಿ ತೆಗೆದ ಸೀಟು ಹೊರಗೆ ಗೋಣಿತಟ್ಟಿನ ಮೇಲೆ ಬೋರಲು ಬಿದ್ದಿದೆ.

“ಯಾರು ಕುಂದ್ರೋರು ಇದರಾಗ?” ಬ್ಯಾಟರಿಯನ್ನು ಬಾಯಿಂದ ತೆಗೆದು ಕೇಳುತ್ತಾರೆ. ಹಳೆ ಗಾಡಿ ಕೊಳ್ಳುವ ಮುಂಚೆ ತೋರಿಸಿಕೊಳ್ಳಲು ಬಂದವರಿಗೆಲ್ಲ ಅವರ ಮೊದಲ ಪ್ರಶ್ನೆ ಇದೇ. ಬೆಲೆ ಕೇಳುವುದಿಲ್ಲ. ಎಷ್ಟು ಕಿಲೋಮೀಟರ್ ಓಡಿದೆ ಎಂದೂ ಕೇಳುವುದಿಲ್ಲ.

ಮರದ ಬುಡದಲ್ಲಿ ಕುಳಿತಿರುವ ಚಂದ್ರಯ್ಯ ಎದ್ದು ನಿಲ್ಲುತ್ತಾರೆ. ಪಕ್ಕದ ಹಳ್ಳಿಯಲ್ಲಿ ಕುರಿ ಸಾಕುವವರು. “ಟೀಚರಮ್ಮನೋರು, ನಾಕು ಮಂದಿ. ದಿನಾ ನಾರಾಯಣಪೇಟಿಗಿ ಬಿಡಬೇಕು, ಸಂಜಿಕ ಕರ್ಕೊಂಡು ಬರಬೇಕು. ಮಾತಾಗೈತ್ರಿ” ಎನ್ನುತ್ತಾರೆ. ಆ ಮಾತನ್ನು ನಂಬಿ ಅರ್ಧ ಹಿಂಡು ಮಾರಿದ್ದಾರೆ. ಹೆಂಡತಿ ಆಶಮ್ಮ ಬೀರಪ್ಪ ದೇವರ ಭಂಡಾರದ ಅರಿಶಿನವನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು ಬಂದಿದ್ದಾರೆ. ಗಾಡಿ ಕುದುರಿದರೆ ಇಲ್ಲೇ ಹಚ್ಚಬೇಕೆಂದು.

“ಕುರಿ ಆದ್ರ ಬಾಯಿ ತೆರ್ದು ಹಲ್ಲು ನೋಡ್ತೀವಿ, ಬೆನ್ನು ಹಿಚುಕಿ ನೋಡ್ತೀವಿ” ಎನ್ನುತ್ತಾರೆ ಆಶಮ್ಮ. “ಇದಕ ಹಲ್ಲು ಎಲ್ಲೈತಿ ತೋರಸವ್ವ.”

“ಇದಕ ಹಲ್ಲು ಸೀಟಿನ ಕೆಳಗ ಇರ್ತಾವ. ತಡಿ, ನೋಡೂಣು.”

ಚಹಾ ಕುಡಿಯುತ್ತ ದೂರ ನಿಂತಿರುವ ಮೂರನೆಯವರು ಭೀಮಶಂಕರ್. ಗದ್ವಾಲದಲ್ಲಿ ಹಳೆ ಕಾರುಗಳ ವ್ಯಾಪಾರ. ನಸುಕಿನಲ್ಲೇ ಕೃಷ್ಣೆಯ ಜೂರಾಲದ ಅಣೆಕಟ್ಟಿನ ಮೇಲಿಂದ ಈ ಗಾಡಿಯನ್ನು ಓಡಿಸಿಕೊಂಡು ಬಂದಿದ್ದಾರೆ. ಶಂಕ್ರಮ್ಮನ ಕೈಗೆ ಬರುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಇವರೇ ಕಳಿಸುವಂಥದ್ದು. ಸೀಟಿಗೆ ಹೊದಿಸಲು ಇವರು ತಂದಿಟ್ಟ ರೆಗ್ಜಿನ್ ಸುರುಳಿಗಳು ಮರದ ಪಕ್ಕದ ಶಂಕ್ರಮ್ಮನ ಅಂಗಡಿಯ ಗೋಡೆಗೆ ಒರಗಿ ನಿಂತಿವೆ.

ಶಂಕ್ರಮ್ಮನ ಕಸುಬು ಕಾರಿನ ಸೀಟು ಹೊಲಿಯುವುದು. ತವರು ಕೃಷ್ಣೆಯ ಆಚೆ ದಡದ ದೇವಸುಗೂರು. ಶಾಲೆ ಎಂದರೆ ಎರಡನೇ ಇಯತ್ತೆ, ಅದೂ ಕನ್ನಡದಲ್ಲಿ. ತೆಲಂಗಾಣದ ಈ ದಡಕ್ಕೆ ಬಂದ ಮೇಲೆ ತೆಲುಗು ಓದಲು ಕಲಿತದ್ದು ಬಸ್ಸುಗಳ ಬೋರ್ಡು ನೋಡಿ. ಮದುವೆಯಾಗಿ ಮಕ್ತಲಿಗೆ ಬಂದಾಗ ಗಂಡ ದೇವೇಂದ್ರಪ್ಪ ಜೀಪುಗಳ ಟಾಪು ಹೊಲಿಯುತ್ತಿದ್ದರು. ಆಗ ಈ ಕಡೆ ಊರಿಂದೂರಿಗೆ ಮಂದಿ ಹೋಗುತ್ತಿದ್ದುದೇ ಜೀಪಿನಲ್ಲಿ, ಒಳಗೆ ಅಷ್ಟು, ಹೊರಗೆ ಜೋತುಬಿದ್ದು ಇಷ್ಟು. ಮಷೀನಿನ ಎದುರು ತುದಿಯಲ್ಲಿ ಟಾಪಿನ ಬಟ್ಟೆ ಎಳೆದು ಹಿಡಿಯಲು ಕುಳಿತ ಹುಡುಗಿ ಕ್ರಮೇಣ ಮಷೀನಿನ ಮುಂದೆಯೇ ಬಂದು ಕುಳಿತರು. ಈಗ ದೇವೇಂದ್ರಪ್ಪನವರ ಕೈ ನಡುಗುತ್ತದೆ. ಹಳೆ ಹೊಲಿಗೆ ಬಿಚ್ಚುವುದಷ್ಟೇ ಅವರ ಪಾಲು.

“ಹೊಲಿಯೋದು ಆಕೀದು, ಬಿಚ್ಚೋದು ನಂದು. ಮದ್ವಿ ಆದಾಗ ಉಲ್ಟಾ ಇತ್ತು” ಎನ್ನುತ್ತಾರೆ ಅವರು.

“ಆಗನೂ ನೀನು ಹೊಲಿದದ್ದು ನಾನ ಬಿಚ್ಚಿ ಹೊಲೀತಿದ್ದೆ” ಎಂದು ಒಳಗಿಂದ ಉತ್ತರ ಬರುತ್ತದೆ.

ಒಂದು ಕಾರಿನ ಪೂರ್ತಿ ಸೀಟು ಹೊಲಿಯಲು ಒಂದು ದಿನ ಹಿಡಿಯುತ್ತದೆ. ಬೇಸಿಗೆಯಲ್ಲಿ ರೆಗ್ಜಿನ್ ಕಾದು ಬೆರಳಿಗೆ ಅಂಟುತ್ತದೆ. ಸ್ಪಂಜಿಗೆ ದಬ್ಬಣ ಚುಚ್ಚಿ ಚುಚ್ಚಿ ಬಲಗೈಯ ಹೆಬ್ಬೆರಳು ಗಟ್ಟಿಯಾಗಿದೆ, ಬೆನ್ನು ನೆಟ್ಟಗಾಗಲು ಸಂಜೆ ಸ್ವಲ್ಪ ಹೊತ್ತು ಬೇಕು. ಇಷ್ಟರಲ್ಲಿ ವಿಶೇಷವೇನಿಲ್ಲ, ಈ ಕಸುಬಿನವರಿಗೆಲ್ಲ ಇರುವ ಪಾಡು. ಶಂಕ್ರಮ್ಮನಲ್ಲಿ ಬೇರೆಯಾಗಿರುವುದು ಒಂದು ರೂಢಿ. ಗಾಡಿ ನೋಡಿದ್ದಕ್ಕೆ ಅವರು ಕೂಲಿ ತೆಗೆದುಕೊಳ್ಳುವುದಿಲ್ಲ, ಹೊಲಿದದ್ದಕ್ಕೆ ಮಾತ್ರ. ಗಾಡಿ ಸರಿಯಿದ್ದರೆ ಗೋಡೆಯ ಮೊಳೆಯಿಂದ ಕತ್ತರಿ ತೆಗೆದು ರೆಗ್ಜಿನ್ ಕತ್ತರಿಸಲು ಕೂಡುತ್ತಾರೆ. ಸರಿಯಿಲ್ಲದಿದ್ದರೆ ಕತ್ತರಿ ಮೊಳೆಯಲ್ಲೇ ಉಳಿಯುತ್ತದೆ, ಆ ದಿನದ ಕೂಲಿ ಹೋಗುತ್ತದೆ. ಹೀಗಾಗಿ ಹಳೆ ಗಾಡಿ ಕೊಳ್ಳುವವರನ್ನು ಈ ಸುತ್ತಿನವರು ಕೇಳುವುದು ಒಂದೇ ಮಾತು: ಶಂಕ್ರಮ್ಮ ಕತ್ತರಿ ಹಿಡಿದಳೇನು?

ಅದೇ ರಸ್ತೆಯಲ್ಲಿ ಗ್ಯಾರೇಜು ಇಟ್ಟಿರುವ ಪೆದ್ದಯ್ಯ ಇದನ್ನು ಬೇರೆ ಥರ ಹೇಳುತ್ತಾರೆ. “ಇಂಜಿನ್ ನಾನು ನೋಡ್ತೀನ್ರಿ. ಗಾಡಿ ನಡತಿ ಆಕಿ ನೋಡ್ತಾಳ.”

ಈ ಕಡೆ ಬಾಡಿಗೆಗೂ ಮನೆಗೂ ಹೆಚ್ಚಾಗಿ ಕೇಳುವ ಗಾಡಿ ‘ವಿಹಾರ’. ಸಣ್ಣದೂ ಅಲ್ಲ, ಭಾರಿಯೂ ಅಲ್ಲ, ಹಿಂದೆ ಡಿಕ್ಕಿ ಇರುವ ನಡುವಿನ ಅಳತೆಯ ಕಾರು. ಕಂಪನಿ ಇದನ್ನು ಎರಡು ಸಲ ಪೂರ್ತಿ ಬದಲಿಸಿ ಮೂರು ಮಾದರಿ ತಂದಿದೆ. ಮಂದಿ ಮೂರಕ್ಕೂ ತಮ್ಮದೇ ಹೆಸರಿಟ್ಟಿದ್ದಾರೆ. ಮೊದಲನೆಯದು ಡಬ್ಬಿ, ಎರಡನೆಯದು ಮೀನು, ಮೂರನೆಯದು ಟೀವಿ. ಮೂರನ್ನೂ ಒಳಗಿಂದ ಬಿಚ್ಚಿ ನೋಡಿದ ಶಂಕ್ರಮ್ಮನಿಗೆ ಮೂರರ ಮೇಲೂ ಅಭಿಪ್ರಾಯವಿದೆ.

“ಡಬ್ಬಿ ಅಂದ್ರ ನಮ್ಮ ಅತ್ತಿ ಇದ್ದಂಗ. ತಗಡು ದಪ್ಪ, ಮಾತು ಜೋರು, ಕೆಲಸಕ್ಕ ತಪ್ಪಂಗಿಲ್ಲ” ಎನ್ನುತ್ತಾರೆ. ಸೀಟಿನೊಳಗೆ ಸ್ಪ್ರಿಂಗು, ಮೇಲೆ ತೆಳು ಸ್ಪಂಜು. ದೂರ ಹೋದರೆ ಸೊಂಟ ಹಿಡಿಯುತ್ತದೆ. ಬಾಗಿಲಿನ ಕೆಳ ಅಂಚಿನಲ್ಲಿ ತುಕ್ಕು ಕೂತಿದ್ದರೆ ಬೆರಳಿನಿಂದ ಒತ್ತಿದರೇ ತಿಳಿಯುತ್ತದೆ. ಸಾಮಾನು ಗುಜರಿಯಲ್ಲಿ ಇನ್ನೂ ಸಿಗುತ್ತದೆ, ಆದರೆ ಗಾಡಿಗಳೇ ಕಡಿಮೆಯಾಗಿವೆ. ಹೊಲಕ್ಕೆ ಹೋಗಿಬರುವವರು ತೆಗೆದುಕೊಳ್ಳಲಿ, ದಿನದ ಬಾಡಿಗೆಗೆ ಬೇಡ ಎಂಬುದು ಅವರ ಮಾತು.

ಮೀನಿನ ಮೈ ದುಂಡಗೆ. ಸೀಟು ಮೆತ್ತಗೆ, ಎಣ್ಣೆ ಕಡಿಮೆ ಕುಡಿಯುತ್ತದೆ. ಮೊದಮೊದಲು ಬಂದವುಗಳ ಸ್ಪಂಜು ಬೇಗ ಕುಸಿಯುತ್ತಿತ್ತು. ಕಡೆಯ ಎರಡು ವರ್ಷದ ಗಾಡಿಗಳಲ್ಲಿ ಕಂಪನಿಯವರು ಅದನ್ನು ಸರಿ ಮಾಡಿದರು. ಬಾಡಿಗೆಗೆ ಕೊಳ್ಳುವವರಿಗೆ ಅವರು ಹೇಳುವುದು ಆ ಕಡೆಯ ಮೀನುಗಳನ್ನೇ. ಅದರ ದೋಷ ಒಂದೇ. ವೈರುಗಳ ಕಟ್ಟು ಎಡಬದಿಯ ನೆಲಹಾಸಿನ ಕೆಳಗೆ ಹಾದುಹೋಗಿದೆ. ಅದು ಒದ್ದೆಯಾಗಬಾರದು.

ಟೀವಿಯ ಮುಂಭಾಗದಲ್ಲಿ ದೊಡ್ಡ ಪರದೆಯಿದೆ. ಗುದ್ದಿದಾಗ ಉಬ್ಬುವ ಗಾಳಿಚೀಲ ಸೀಟಿನ ಪಕ್ಕೆಯಲ್ಲೇ ಅಡಗಿದೆ. ಅಲ್ಲಿ ಗಟ್ಟಿ ಹೊಲಿಗೆ ಹಾಕಿದರೆ ಚೀಲ ಹೊರಬರದು. ಕವರಿನ ಆ ಪಕ್ಕೆಯನ್ನು ಶಂಕ್ರಮ್ಮ ತೆರೆದೇ ಬಿಡುತ್ತಾರೆ. ನೋಡಲು ಚಂದ ಕಾಣುವುದಿಲ್ಲವೆಂದು ಜಗಳ ತೆಗೆದವರೂ ಇದ್ದಾರೆ. “ಚಂದ ಬೇಕಾದ್ರ ಸೋಫಾ ತಗೋರಿ ಅಂತೀನಿ.” ಗಾಡಿ ಒಳ್ಳೆಯದೇ, ಆದರೆ ಕೆಟ್ಟರೆ ರಿಪೇರಿಗೆ ದೊಡ್ಡ ಊರಿಗೇ ಹೋಗಬೇಕು.

ಗಾಡಿ ಯಾವುದಾದರೂ ಅವರು ನೋಡುವ ರೀತಿ ಒಂದೇ. ಹಳೆ ಕವರು ತೆಗೆದು ಸ್ಪಂಜಿನ ಮೇಲೆ ಅಂಗೈ ಆಡಿಸುತ್ತಾರೆ. ಡ್ರೈವರ್ ಸೀಟಷ್ಟೇ ಕುಸಿದಿದ್ದರೆ ಅದು ಮನೆಯ ಗಾಡಿ. ಹಿಂದಿನ ಸೀಟಿನ ಎಡ ಅಂಚು ಸವೆದಿದ್ದರೆ ಬಾಡಿಗೆ ಗಾಡಿ, ಏಕೆಂದರೆ ಹತ್ತಿ ಇಳಿಯುವವರೆಲ್ಲ ಬಳಸುವುದು ರಸ್ತೆಯಂಚಿನ ಅದೇ ಬಾಗಿಲು. ಬಿರುಕುಗಳಲ್ಲಿ ಹತ್ತಿಯ ಎಳೆ ಸಿಕ್ಕರೆ ಅದು ಇಟಿಕ್ಯಾಲದ ಕಡೆ ಬೀಜದ ಹತ್ತಿ ಸಾಗಿಸಿದ ಗಾಡಿ. ಮೆಣಸಿನಕಾಯಿ ಚೀಲ ಹೊತ್ತ ಗಾಡಿಗೆ ಬಾಗಿಲು ತೆರೆದ ಕೂಡಲೇ ಸೀನು ಬರುತ್ತದೆ. “ಮೀಟರು ಸುಳ್ಳು ಹೇಳ್ತೈತ್ರಿ. ಸ್ಪಂಜಿಗಿ ಸುಳ್ಳು ಹೇಳಾಕ ಬರಂಗಿಲ್ಲ.”

ಬೇವಿನ ಕೆಳಗಿನ ಬೂದು ಗಾಡಿ ಮೀನು, ಕಡೆಯ ವರ್ಷದ್ದು. ಪೆದ್ದಯ್ಯ ಇಂಜಿನ್ ಸರಿಯಿದೆ ಎಂದಿದ್ದಾರೆ. ಸ್ಪಂಜು ಗಟ್ಟಿ, ಅಂಚು ಸವೆದಿಲ್ಲ. ಚಂದ್ರಯ್ಯನ ಕಣ್ಣು ಆಗಲೇ ಸ್ಟೀರಿಂಗಿನ ಮೇಲಿದೆ. ಸೀಟು ಹಿಂದೆ ಮುಂದೆ ಜಾರುವ ಹಳಿಯ ಸಂದಿನಲ್ಲಿ ಬೆರಳಾಡಿಸಿದ ಶಂಕ್ರಮ್ಮ ಬೆರಳನ್ನು ಬೆಳಕಿಗೆ ಹಿಡಿಯುತ್ತಾರೆ. ಮರಳು.

“ಹೊಳಿಗಿ ಒಯ್ದು ತೊಳ್ದಿರ್ತಾರ ಬಿಡಕ್ಕ” ಎನ್ನುತ್ತಾರೆ ಭೀಮಶಂಕರ್. “ದಸರಾಕ ಯಾರು ಒಯ್ಯಂಗಿಲ್ಲ?”

ಅದು ಸುಳ್ಳಲ್ಲ. ಜೂರಾಲದ ಕೆಳಗೆ ನೀರು ಮೊಣಕಾಲುದ್ದಕ್ಕೆ ಇಳಿದಾಗ ಗಾಡಿಯನ್ನೇ ಹೊಳೆಗಿಳಿಸಿ ತೊಳೆಯುವುದು ಇಲ್ಲಿಯ ವಾಡಿಕೆ. ಬರೀ ಮರಳು ಕಂಡು ಗಾಡಿ ಬೇಡ ಎಂದರೆ ಈ ಸೀಮೆಯಲ್ಲಿ ಕೊಳ್ಳಲು ಗಾಡಿಯೇ ಉಳಿಯುವುದಿಲ್ಲ. ಶಂಕ್ರಮ್ಮ ಹೂಂಗುಟ್ಟಿ ಹಿಂದಿನ ಸೀಟಿಗೆ ಹೋಗುತ್ತಾರೆ. ಅಲ್ಲಿಯ ಬೆಲ್ಟಿನ ಸುರುಳಿ ಇರುವುದು ಕೆಳಗಲ್ಲ, ಕೂತವರ ತಲೆಯ ಹಿಂದಿನ ಹಲಗೆಯ ಅಡಿಯಲ್ಲಿ. ಎರಡೂ ಕೈಯಿಂದ ಬೆಲ್ಟನ್ನು ಎಳೆಯುತ್ತಾರೆ. ಹೊರಗೆ ಕಾಣುವಷ್ಟು ಭಾಗ ತೊಳೆದು ಹಸನಾಗಿದೆ. ಎಳೆಯುತ್ತ ಹೋದಂತೆ, ಯಾರೂ ಎಂದೂ ಎಳೆಯದ ಕಡೆಯ ಮೊಳದಲ್ಲಿ ಪಟ್ಟಿ ಒರಟಾಗಿದೆ, ಒಣಗಿದ ಕೆಂಪು ಕೆಸರು ಪುಡಿಯಾಗಿ ಉದುರುತ್ತದೆ.

“ಮೂಸಿ ನೋಡವ್ವ” ಎಂದು ಆಶಮ್ಮನಿಗೆ ಹಿಡಿಯುತ್ತಾರೆ.

“ರಾಡಿ ವಾಸನಿ” ಎನ್ನುತ್ತಾರೆ ಆಶಮ್ಮ.

“ನಮ್ಮ ಜೂರಾಲದ ಮಣ್ಣು ಕಪ್ಪು, ಇದು ಕೆಂಪು. ತುಂಗಭದ್ರಿ ಕಡೀದು. ತೊಳ್ಯಾಕ ಒಯ್ದವರು ಹೆಗಲ ಮಟ ಇಳಸ್ತಾರೇನು ತಮ್ಮಾ?”

ಭೀಮಶಂಕರ್ ಚಹಾದ ಲೋಟ ಕೆಳಗಿಡುತ್ತಾರೆ. “ತುಂಗಭದ್ರಿ ದಂಡಿ ರಾಜೋಳಿ ಕಡ್ಯೋರು ಬದಲಿಗಿ ಕೊಟ್ಟ ಗಾಡಿ ಅಕ್ಕಾ. ಹೊಳಿ ಉಕ್ಕಿ ಬಂದಾಗ ಮುಳಗಿತ್ತಂತ ನನಗೇನು ಕನಸು ಬೀಳ್ತದ?”

“ಗೊತ್ತಿದ್ದಿಲ್ಲ ಅಂತನ ನಾನೂ ತಿಳ್ಕೊಂಡೀನಿ. ಈಗ ಗೊತ್ತಾತಲ್ಲ.”

ಚಂದ್ರಯ್ಯನಿಗೆ ಆಸೆ ಬಿಟ್ಟಿಲ್ಲ. “ಇಂಜಿನ್ ಚೊಲೊ ಐತಂತ ಅಂದಾರ. ಸ್ವಲ್ಪ ಕಡಿಮಿ ಮಾಡಿದ್ರ ತಗೋಬಹುದೇನವ್ವ?”

“ಇವತ್ತು ಓಡ್ತದಪ್ಪ. ವೈರಿನ ಕಟ್ಟು ನೀರು ಕುಡ್ದೈತಿ, ಒಳಗ ಕೊಳೀತಿರ್ತದ. ಯಾವತ್ತು ಎಲ್ಲಿ ನಿಲ್ತದ ಅನ್ನೋದು ಅದಕ್ಕೂ ಗೊತ್ತಿಲ್ಲ” ಎಂದು ಹೇಳಿ ಶಂಕ್ರಮ್ಮ ಕಳಚಿದ ಸೀಟನ್ನು ಮತ್ತೆ ಕೂಡಿಸತೊಡಗುತ್ತಾರೆ. ಕತ್ತರಿಯ ಕಡೆ ನೋಡುವುದಿಲ್ಲ. ಆಶಮ್ಮ ಸೆರಗಿನ ಗಂಟನ್ನು ಇನ್ನೊಮ್ಮೆ ಬಿಗಿಯುತ್ತಾರೆ.

ಹೊರಡುವಾಗ ಭೀಮಶಂಕರ್ ಗೋಡೆಗೆ ಒರಗಿದ್ದ ರೆಗ್ಜಿನ್ ಸುರುಳಿಗಳನ್ನೆಲ್ಲ ಡಿಕ್ಕಿಗೆ ತುಂಬಿಕೊಳ್ಳುತ್ತಾರೆ. “ಗದ್ವಾಲದಾಗೂ ಹೊಲಿಯೋರು ಅದಾರಕ್ಕ” ಎನ್ನುವಾಗ ದನಿ ಏರಿಸುವುದಿಲ್ಲ.

ಅಂದಿನಿಂದ ಗದ್ವಾಲದ ಗಾಡಿ ಈ ಬೇವಿನ ಕೆಳಗೆ ಬಂದಿಲ್ಲ. ಶಂಕ್ರಮ್ಮ ಆಟೋಗಳ ಸೀಟು ಹೊಲಿಯುತ್ತಿದ್ದಾರೆ, ಟ್ರ್ಯಾಕ್ಟರಿನದು ಹೊಲಿಯುತ್ತಿದ್ದಾರೆ, ಒಂದು ದಿನ ಕ್ಷೌರದಂಗಡಿಯ ಕುರ್ಚಿಯೂ ಬಂದಿತ್ತು. ಎಷ್ಟೋ ಮುಂಜಾನೆ ಏನೂ ಇರುವುದಿಲ್ಲ.

“ಕತ್ತರಿಗಿ ತುಕ್ಕು ಹಿಡೀತದ, ಎಣ್ಣಿ ಹಚ್ಚು” ಎಂದು ದೇವೇಂದ್ರಪ್ಪ ಕೆಣಕುತ್ತಾರೆ.

“ಮೊದ್ಲು ನಿನ್ನ ನಾಲಿಗಿಗಿ ಹಚ್ತೀನಿ.”

ಹೇಳಿದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದರೆ ಹೊಲಿಗೆ ನಿಲ್ಲಿಸದೆ ಹೇಳುತ್ತಾರೆ. “ಹೊಟ್ಟಿಗಿ ಹೊಡ್ತ ಬೀಳ್ತದ್ರಿ. ಬೀಳಂಗಿಲ್ಲ ಅಂದ್ರ ಸುಳ್ಳು. ಆದ್ರ ಆ ಟೀಚರಮ್ಮನೋರು ದಿನಾ ಇದ ರಸ್ತ್ಯಾಗ ಹೋಗೋರು. ನಾನು ಇಲ್ಲೇ ಕುಂತಿರ್ತೀನಿ. ಕಣ್ಣೆತ್ತಿ ನೋಡಬೇಕಲ್ಲ?”

ಕೆಲವು ದಿನಗಳ ಮೇಲೆ ಚಂದ್ರಯ್ಯ ಇನ್ನೊಂದು ಮೀನನ್ನು ಹಿಡಿದು ತರುತ್ತಾರೆ. ನಾರಾಯಣಪೇಟೆಯ ಸೀರೆ ವ್ಯಾಪಾರಿ ಶರಣಬಸವ ಅವರ ಮನೆಯದು, ಬೂದು ಗಾಡಿಗಿಂತ ಒಂದು ವರ್ಷ ಹಳೆಯದು. ಬಣ್ಣ ಮಾಸಿದೆ, ಡ್ರೈವರ್ ಸೀಟು ಕುಸಿದಿದೆ. ಬೆಲ್ಟು ಕಡೆಯ ಮೊಳದವರೆಗೂ ಹಸನಾಗಿದೆ, ಕೆಸರಿನ ಗುರುತಿಲ್ಲ. “ಇದರ ಹಲ್ಲು ಹ್ಯಾಂಗ ಅದಾವವ್ವ?” ಎಂಬ ಆಶಮ್ಮನ ಪ್ರಶ್ನೆಗೆ, “ಸವದಾವ, ಉದುರಿಲ್ಲ” ಎಂದು ಹೇಳಿ ಶಂಕ್ರಮ್ಮ ಮೊಳೆಯಿಂದ ಕತ್ತರಿ ತೆಗೆಯುತ್ತಾರೆ. ಸಂಜೆ ಬಾನೆಟ್ಟಿನ ಮೇಲೆ ಭಂಡಾರ ಬೀಳುತ್ತದೆ. ಈಗ ದಿನಾ ಮುಂಜಾನೆ ಆ ಗಾಡಿ ನಾಲ್ವರನ್ನು ಹೊತ್ತು ಅಂಗಡಿಯ ಮುಂದೆ ಹಾಯುವಾಗ ಒಮ್ಮೆ ಹಾರನ್ ಆಗುತ್ತದೆ.

ನಿಮಗೇನು ಬೇಕು ಎಂದು ಯಾರಾದರೂ ಕೇಳಿದರೆ ಶಂಕ್ರಮ್ಮನ ಆಸೆ ಒಂದೇ. “ಕಂಪನಿಯೋರು ಸೀಟಿನ ಕೆಳಗ ಒಂದು ಜಿಪ್ಪು ಇಡಬೇಕ್ರಿ. ಯಾರಾದ್ರೂ ಎಳದು ನೋಡ್ಕೋಬೇಕು. ನನ್ನ ಮಂಡಿ ಉಳೀತಾವ.”

ಮಳೆ ಹಿಡಿಯುವ ಮುಂಚಿನ ಒಂದು ಮುಂಜಾನೆ ಬೇವಿನ ಕೆಳಗೆ ಬಿಳಿ ಗಾಡಿಯೊಂದು ಬಂದು ನಿಲ್ಲುತ್ತದೆ. ಟೀವಿ, ಒಬ್ಬರೇ ಮಾಲೀಕರ ಕೈಯಲ್ಲಿ ಓಡಿದ್ದು. ಇಳಿದವರು ಭೀಮಶಂಕರ್. ಜೊತೆಗೆ ಕೊಳ್ಳುವವರು ಯಾರೂ ಇಲ್ಲ. ಡಿಕ್ಕಿಯಲ್ಲಿ ರೆಗ್ಜಿನ್ ಸುರುಳಿಯೂ ಇಲ್ಲ.

“ಬಾರೋ ಗದ್ವಾಲದ ಸಾಹುಕಾರ” ಎನ್ನುತ್ತಾರೆ ದೇವೇಂದ್ರಪ್ಪ. “ಅಲ್ಲಿ ಹೊಲಿಯೋರು ಸತ್ರೇನು?”

“ಹೊಲಿಯೋರು ಅದಾರ ಮಾವಾ” ಎಂದು ಹೇಳಿ ಭೀಮಶಂಕರ್ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತ ನಿಲ್ಲುತ್ತಾರೆ.

ಶಂಕ್ರಮ್ಮ ಮಷೀನು ಬಿಟ್ಟು ಎದ್ದು ಬರುತ್ತಾರೆ. ಗಾಡಿಯ ಸುತ್ತ ಒಂದು ಸುತ್ತು ಹಾಕುತ್ತಾರೆ. “ಯಾರು ಕುಂದ್ರೋರು ಇದರಾಗ?”

“ಮಾರಾಕಲ್ಲಕ್ಕ. ಮನಿಗಿ. ನಮ್ಮ ಮಗಳು ಅಖಿಲಾ ಹಡ್ಯಾಕ ಬಂದಾಳ. ಇನ್ನ ಹೆರಿಗಿ ಆಗೋಮಟ ರಾಯಚೂರು ದವಾಖಾನಿಗಿ ಅಡ್ಡಾಡಬೇಕು.”

ಶಂಕ್ರಮ್ಮ ಹಳೆಯದನ್ನೇನೂ ಎತ್ತುವುದಿಲ್ಲ. ಸೆರಗು ಬಿಗಿದು, ಪಾನಾವನ್ನು ಅವರ ಕೈಗೇ ಕೊಡುತ್ತಾರೆ. “ಹಿಂದಿನ ಸೀಟು ನೀನ ಬಿಚ್ಚು” ಎಂದು ಹೇಳಿ, ಬ್ಯಾಟರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಳಗೆ ಬಗ್ಗುತ್ತಾರೆ. ಕತ್ತರಿ ಇನ್ನೂ ಮೊಳೆಯಲ್ಲೇ ಇದೆ.