ಪಿಂಡಕ್ಕೆ ಬಂದ ಮಡಿವಾಳ ಹಕ್ಕಿ

ಮಲೇಷ್ಯಾದ ಕ್ಲಾಂಗ್ ಬಂದರಿನ ಕಾಗೆಗಳಿಗೆ ಮೀನಿನ ತಲೆಯ ರುಚಿ ಹತ್ತಿತ್ತು. ಶ್ರೀಪತಿಯ ಅಂಗಳದಲ್ಲಿ ಎಲೆಯ ಮೇಲಿಟ್ಟ ಪಿಂಡದತ್ತ ಒಂದೂ ತಿರುಗಿ ನೋಡಲಿಲ್ಲ. ಹೆಂಡತಿ ಸ್ವರ್ಣಲತಾ ತೀರಿಕೊಂಡ ಹತ್ತನೆಯ ದಿನವದು. ಹೋದವರಿಗೆ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ, ಏನಾದರೂ ಮಾತು ಕೊಡಿ ಎಂದರು ಪುರೋಹಿತರು. ಜೀವಮಾನವೆಲ್ಲ ಹಡಗಿನ ಸರಕಿಗೆ ದರ ಕುದುರಿಸಿದ ಶ್ರೀಪತಿ ಅಲ್ಲೂ ಕೈಮುಗಿದು ಚೌಕಾಸಿಗೆ ನಿಂತ. ಸಿಗರೇಟು ಬಿಡುತ್ತೇನೆಂದ. ಮಗಳು ಪೂರ್ವಿಗೆ ವೀಣೆ ಕಲಿಸುತ್ತೇನೆಂದ. ನಾದಿನಿ ಹಂಸಾಳ ಜೊತೆ ಮಾತು ಶುರು ಮಾಡುತ್ತೇನೆಂದೂ ಹೇಳಿದ. ಅವನ ಮಟ್ಟಿಗೆ ಅದು ಭಾರಿ ರಿಯಾಯಿತಿ. ಪೆಟಾಲಿಂಗ್ ಜಯಾದ ಹೊಸ ಫ್ಲ್ಯಾಟಿನ ವಿಷಯ ಮಾತ್ರ ಎತ್ತಲಿಲ್ಲ. "ಆ ಗೂಡಿಗೆ ನನ್ನ ಹೆಣಾನೂ ಬರಲ್ಲ ರೀ" ಎಂದಿದ್ದಳು ಸ್ವರ್ಣಲತಾ. ಅವನು ಆಗಲೇ ಅಡ್ವಾನ್ಸ್ ಕೊಟ್ಟಿದ್ದ.

ಕಾಗೆ ಬರಲಿಲ್ಲ. ಬಂದದ್ದು ಮಡಿವಾಳ ಹಕ್ಕಿ: ಕಪ್ಪು ಕೋಟು, ಬಿಳಿ ಹೊಟ್ಟೆ, ನಿಗುರಿದ ಬಾಲ. ಎಲೆಯ ಮೇಲೆ ಒಮ್ಮೆ ಕುಕ್ಕಿ ಹಾರಿತು. ಅದು ರಾಬಿನ್ ಜಾತಿಯದು, ರಾಬಿನ್ ಬಂದರೆ ತೀರಿಹೋದವರು ಹತ್ತಿರದಲ್ಲೇ ಇದ್ದ ಹಾಗೆ ಎಂದು ಪೂರ್ವಿ ಶಾಲೆಯಲ್ಲಿ ಕೇಳಿದ್ದಳು.

"ದಟ್ಸ್ ಅಮ್ಮ ಲಾ, ಅಪ್ಪಾ," ಎಂದಳು ಆ ಊರಿನ ಇಂಗ್ಲಿಷಿನಲ್ಲಿ.

ಹಕ್ಕಿ ಕುಕ್ಕಿದ್ದು ಅನ್ನವನ್ನಲ್ಲ, ಅನ್ನಕ್ಕೆ ಹತ್ತಿದ್ದ ಇರುವೆಯನ್ನು. ಶ್ರೀಪತಿ ಕಣ್ಣಾರೆ ನೋಡಿದ್ದ. ಆದರೂ ಒಪ್ಪಿಕೊಂಡ.

ಅಂದಿನಿಂದ ಬೆಳಗಾದರೆ ಹಕ್ಕಿ ಕಾಂಪೌಂಡಿನ ಮೇಲೆ ಕೂತು ಹಾಡುತ್ತಿತ್ತು. ಹಾಗೆ ಹಾಡುವುದು ಗಂಡು ಹಕ್ಕಿ ಎಂದು ಪಕ್ಕದ ಮನೆಯ ತಮಿಳರು ನಕ್ಕರು. ಬದುಕಿದ್ದಾಗಲೂ ಈ ಮನೆಯ ಗಂಡಸು ಅವಳೇ ಎಂದು ಶ್ರೀಪತಿ ಹುಳ ತರಲು ಹಕ್ಕಿಯಂಗಡಿಗೆ ಹೋದ.

ಮನೆ ಬಿಡುವ ದಿನ ಬಂತು. ಅವಳನ್ನು ಬಿಟ್ಟು ಹೋಗುವುದು ಅವನಿಂದಾಗಲಿಲ್ಲ. ಪಂಜರದೊಳಗೆ ಹುಳವಿಟ್ಟ. ಅವನ ಕೈ ನಂಬಿದ್ದ ಹಕ್ಕಿ ತಾನಾಗಿಯೇ ಒಳಗೆ ನಡೆಯಿತು.

"ಅಮ್ಮಂಗೆ ಆ ಫ್ಲ್ಯಾಟ್ ಬೇಡ ಅಂತಿತ್ತಲ್ವಾ?" ಪೂರ್ವಿ ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು.

"ಈಗ ಬರ್ತಿದಾಳಲ್ಲ, ಸುಮ್ನಿರು."

ಫ್ಲ್ಯಾಟಿನಲ್ಲಿ ಹಕ್ಕಿ ಹಾಡಲಿಲ್ಲ. ಹಣೆ ಕಿತ್ತುಹೋಗುವಂತೆ ಕಂಬಿಗಳಿಗೆ ಬಡಿದುಕೊಂಡಿತು. ಬಾಗಿಲು ತೆಗೆಯಲು ಎಷ್ಟೋ ಸಲ ಶ್ರೀಪತಿಯ ಕೈ ಹೋಯಿತು. ತೆಗೆದರೆ ಹೊರಟೇಹೋಗುತ್ತಾಳೆಂದು ತೆಗೆಯಲಿಲ್ಲ. ಒಂದು ಬೆಳಿಗ್ಗೆ ಅದು ಪಂಜರದ ತಳದಲ್ಲಿ ಕಾಲು ಮೇಲಾಗಿ ಬಿದ್ದಿತ್ತು.

ಬಾಲ್ಕನಿಯಲ್ಲಿ ಬಾಳೆಲೆ ಹಾಸಿ ಅದನ್ನು ಮಲಗಿಸಿದ. ಪಕ್ಕದಲ್ಲಿ ಅನ್ನದುಂಡೆ ಇಟ್ಟ. ಅಂದು ನುಂಗಿಕೊಂಡಿದ್ದ ಮಾತು ಈಗ ಬಂತು.

"ತಪ್ಪಾಯ್ತು ಲತಾ. ವಾಪಸ್ ಹೋಗೋಣ ನಡಿ."

ಕಾಗೆ ಬಂತು. ಅನ್ನದ ಕಡೆ ಕಣ್ಣೆತ್ತಿಯೂ ನೋಡದೆ, ಹಕ್ಕಿಯನ್ನು ಕಚ್ಚಿಕೊಂಡು ಎದುರಿನ ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತಿತು.