ಕೊಪ್ಪರಿಗೆಗೆ ನಾಲ್ಕು ಸಹಿ

ಕಿಗ್ಗದ ಹತ್ತಿರದ ನಮ್ಮೂರಲ್ಲಿ ಸಮಾರಂಭದ ಪಾತ್ರೆಗಳನ್ನು ಸಂಘವೊಂದು ಬಾಡಿಗೆಗೆ ಕೊಡುತ್ತದೆ. ಕಳೆದ ವರ್ಷ ಅಡಿಕೆ ಕೊಯ್ಲಿಗೆ ಮುಂಚೆ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಸತ್ಯನಾರಾಯಣ ಪೂಜೆ ಮಾಡಿದೆವು. ಪಾತ್ರೆಗಳಿಗೆ ನಾಲ್ವರೂ ಒಂದೇ ಕಾಗದದಲ್ಲಿ ಸಹಿ ಹಾಕಿದ್ದೆವು. ಹಿಂದಿರುಗಿಸುವಾಗ ಪಾಯಸದ ಕೊಪ್ಪರಿಗೆಯೇ ಇಲ್ಲ!

ಸಂಘದ ಕಾರ್ಯದರ್ಶಿ ನೇರವಾಗಿ ನನ್ನ ಮನೆಗೆ ಬಂದು, ಅದರ ಬೆಲೆ ಪೂರ್ತಿ ಕೊಡಿ ಎಂದರು.

"ನಾನೊಬ್ನೇ ಎಂತಕ್ಕೆ ಕೊಡ್ಲಿ?" ಎಂದು ರೇಗಿದೆ.

"ಸಹಿ ಹಾಕ್ದವ್ರಲ್ಲಿ ಯಾರ ಹತ್ರ ಬೇಕಾದ್ರೂ ಪೂರ್ತಿ ಕೇಳ್ಬಹುದು ಮಾರಾಯ್ರೆ. ನಿಮ್ಮನೆ ರಸ್ತೆ ಬದಿಗೇ ಉಂಟಲ್ಲ."

ಕೊಟ್ಟೆ. ಆಮೇಲೆ ಉಳಿದ ಮೂವರ ಮನೆಗೂ ಹೋಗಿ, ಜವಾಬ್ದಾರಿಯ ಬಗ್ಗೆ ಭಾಷಣ ಬಿಗಿದು, ಅವರವರ ಪಾಲು ವಸೂಲಿ ಮಾಡಿದೆ.

ಸುಗ್ಗಿ ಮುಗಿದ ಮೇಲೆ ಏನೋ ಹುಡುಕಲು ಅಟ್ಟ ಹತ್ತಿದರೆ, ಅಡಿಕೆ ಬೇಯಿಸುವ ನಮ್ಮ ಹಂಡೆ ಅಲ್ಲಿ ಮೂಲೆಯಲ್ಲಿ ಕೂತಿದೆ. ಹಾಗಾದರೆ ಇಷ್ಟು ದಿನ ಹಿತ್ತಲ ಒಲೆಯ ಮೇಲಿದ್ದದ್ದು? ಸಂಘದ ಕೊಪ್ಪರಿಗೆ! ಪೂಜೆಯ ದಿನ ಪಾಯಸ ಕಾಸಿದ ಒಲೆಯ ಮೇಲೇ ಉಳಿದು, ಅಡಿಕೆ ಬೇಯಿಸಿದ ನೀರಿನ ಚೊಗರು ಹಿಡಿದು, ಗುರುತೇ ಸಿಗದಷ್ಟು ಕಪ್ಪಾಗಿತ್ತು.

ಹುಣಸೆಹಣ್ಣು ಹಾಕಿ ಎರಡು ದಿನ ತಿಕ್ಕಿದೆ. ನಾಚಿಕೆಯಿಂದ, ಬಾಗಿಲು ತೆರೆಯುವ ಮೊದಲೇ ಸಂಘದ ಜಗಲಿಯ ಮೇಲಿಟ್ಟು ಬಂದೆ. ಮರುದಿನ, ಕೊಪ್ಪರಿಗೆ ಸಿಕ್ಕಿತಂತೆ ಎಂದು ಏನೂ ಅರಿಯದವನಂತೆ, ಕೊಟ್ಟ ದುಡ್ಡು ವಾಪಸ್ ಕೇಳಲು ಹೋದೆ.

"ನಿನ್ನೆಯೇ ನಿಮ್ಮ ಪಕ್ಕದ್ಮನೆಯವ್ರಿಗೆ ಪೂರ್ತಿ ಕೊಟ್ಟೆ. ನಾಲ್ವರಲ್ಲಿ ಯಾರಿಗೆ ಕೊಟ್ರೂ ಆಯ್ತಲ್ಲ" ಎಂದರು ಕಾರ್ಯದರ್ಶಿ.

ನನ್ನ ಪಾಲು ಕೇಳಲು ಪಕ್ಕದ ಮನೆಗೆ ಹೋದೆ. ಅವರು ನನ್ನನ್ನು ಕೂರಿಸಿ, ಕಾಫಿ ಕೊಟ್ಟು, ಜವಾಬ್ದಾರಿಯ ಬಗ್ಗೆ ನನ್ನದೇ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸಿದರು.