ಹೆಸರಿನ ಮೇಲಿಟ್ಟ ಹೆಬ್ಬೆರಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗುರುಗುಂಟಾದ ಅಂಚಿನ ಮನೆಯೊಂದರ ಹಿಂದೆ, ಬಚ್ಚಲ ಕಲ್ಲಿನ ಮೇಲೆ ಕುಳಿತು ಗದ್ದೆಮ್ಮ ನೀಲಿ ಬಣ್ಣದ ಐಸ್ ಪೆಟ್ಟಿಗೆ ತೊಳೆಯುತ್ತಿದ್ದಾರೆ. ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಮೂಲೆಮೂಲೆ ಒರೆಸುತ್ತಾರೆ. ಮುಚ್ಚಳ, ಹಿಡಿಕೆ, ಕೊನೆಗೆ ತಮ್ಮ ಚಪ್ಪಲಿ. ಪಕ್ಕದಲ್ಲಿ ಗಂಡ ಆದಪ್ಪ ಕುರಿಹಟ್ಟಿಯ ಬಾಗಿಲು ತೆಗೆಯುತ್ತಿದ್ದಾರೆ. ಪೆಟ್ಟಿಗೆಯನ್ನು ಬೋರಲು ಹಾಕಿ, ನೀರು ಇಳಿಯುವವರೆಗೆ ಗದ್ದೆಮ್ಮ ಸುಮ್ಮನೆ ನಿಲ್ಲುತ್ತಾರೆ.

ಕಫ ಒಯ್ಯುವುದು ಇವರ ಕೆಲಸ. ಕ್ಷಯ ಇರಬಹುದೆಂಬ ಅನುಮಾನ ಇದ್ದವರ ಕಫವನ್ನು ನಸುಕಿನಲ್ಲಿ, ಅವರು ಏನೂ ತಿನ್ನುವ ಮೊದಲೇ ಹಿಡಿಯಬೇಕು. ಗುರುಗುಂಟಾ ಮತ್ತು ಸುತ್ತಲಿನ ದೊಡ್ಡಿ ಎಂಬ ಪುಟ್ಟ ಹಳ್ಳಿಗಳಲ್ಲಿ ಮನೆಮನೆಗೆ ನಡೆದು, ಪುಟ್ಟ ಡಬ್ಬಿ ಕೊಟ್ಟು, ತುಂಬಿದ್ದನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಲಿಂಗಸುಗೂರಿನ ಲ್ಯಾಬಿಗೆ ಮುಟ್ಟಿಸುತ್ತಾರೆ. ರೋಗ ಇದೆ ಎಂದಾದರೆ ಗುಳಿಗೆ ತಂದುಕೊಡುವವರೂ ಇವರೇ. ಸಿಂಧನೂರಿನಲ್ಲಿ ಕಚೇರಿ ಇರುವ ಒಂದು ಖಾಸಗಿ ಸಂಸ್ಥೆ ಈ ಕೆಲಸ ಮಾಡಿಸುತ್ತದೆ. ಕಚೇರಿಯ ಗೋಡೆಯ ಮೇಲೆ ಐಸ್ ಪೆಟ್ಟಿಗೆ ಹಿಡಿದ ಗದ್ದೆಮ್ಮನ ದೊಡ್ಡ ಫೋಟೋ ಇದೆ. ಕೆಳಗೆ ಸಂಸ್ಥೆಯ ಹೆಸರಿದೆ, ಗದ್ದೆಮ್ಮನ ಹೆಸರಿಲ್ಲ.

"ಕೆಮ್ಮೋರ ಮಾರಿ ನೋಡಬಾರದ್ರೀ," ಎನ್ನುತ್ತಾರೆ ಗದ್ದೆಮ್ಮ. "ನೋಡಿದ್ರ ನಾಚಿಕೊಂಡು ಬರೇ ಉಗುಳು ಹಾಕಿ ಕೊಡ್ತಾರ. ಉಗುಳು ಲ್ಯಾಬಿನ್ಯಾಗ ನಡ್ಯಂಗಿಲ್ಲ. ಅದಕ್ಕ ನಾ ಬೆನ್ನು ತಿರುವಿ ನಿಂತಿರ್ತೀನಿ."

ಇವತ್ತಿನ ಮೊದಲ ಮನೆ ಪಕೀರಮ್ಮನದು. ಮುದುಕಿ ತಲೆಬಾಗಿಲಲ್ಲೇ ಕೂತು ಕಾಯುತ್ತಿದ್ದಾರೆ, ಡಬ್ಬಿಗಲ್ಲ, ವಿಚಾರಣೆಗೆ.

"ಮಬೈಲ್ ಎಲ್ಲಿಟ್ಟಿಬೇ?"

"ಗ್ವಾಡಿ ಮ್ಯಾಲ ಇಟ್ಟೀನವ್ವಾ."

"ಬೋರಲ ಇಟ್ಟಿ?"

"ಹೂಂ, ಬೋರಲ."

"ಅದಕ್ಕ ಎರಡೂ ಕಡಿ ಕಣ್ಣು ಇರ್ತಾವಂತ. ವಸ್ತ್ರ ಮುಚ್ಚಿ ಬಾ. ನನ್ನ ಕೆಮ್ಮು ಲಿಂಗಸುಗೂರು ತನಕ ಹೋಗ್ಲಿ, ಸಿನಿಮಾ ಆಗಬಾರದು."

ಗದ್ದೆಮ್ಮ ಮರಳಿ ಹೋಗಿ ಫೋನಿನ ಮೇಲೆ ಕರವಸ್ತ್ರ ಮುಚ್ಚಿ ಬರುತ್ತಾರೆ. ನಗುವುದಿಲ್ಲ. ಪಕೀರಮ್ಮ ಬಾಗಿಲನ್ನಾದರೂ ತೆರೆಯುತ್ತಾರೆ. ಮೊದಲು ಒಂದು ಬೆಳಗಿಗೆ ಪೆಟ್ಟಿಗೆ ತುಂಬುತ್ತಿತ್ತು. ಈಗ ಮೂರೋ ನಾಲ್ಕೋ ಡಬ್ಬಿ ತಳದಲ್ಲಿ ಹೊರಳಾಡುತ್ತವೆ. ಉಳಿದ ಮನೆಗಳಲ್ಲಿ ಕೆಮ್ಮು ನಿಂತಿಲ್ಲ. ಗದ್ದೆಮ್ಮನ ಹೆಜ್ಜೆ ಕೇಳಿಸಿದಾಗ ಮಾತ್ರ ಸೆರಗಿನೊಳಗೆ ಅಡಗುತ್ತದೆ.

ಈ ಕೆಲಸಕ್ಕೆ ಅವರು ಬಂದದ್ದು ತಮಗೇ ಆ ರೋಗ ಬಂದು ಹೋದ ಮೇಲೆ. ಮದುವೆಯಾದ ಹೊಸತರಲ್ಲಿ ಕ್ಷಯ ಹಿಡಿಯಿತು. ಅತ್ತೆ ಅವರನ್ನು ಮನೆಯಿಂದ ಹೊರಗೆ ಹಾಕಿ ಕುರಿಹಟ್ಟಿಯಲ್ಲಿ ಮಲಗಿಸಿದರು. ನಸುಕಿನಲ್ಲಿ ಹೊರಡುವ ಮೊದಲು ಗದ್ದೆಮ್ಮ ಇದನ್ನು ಹೇಳಿದ್ದರು: "ತಾಟು ಬ್ಯಾರೆ, ಹಾಸಿಗಿ ಬ್ಯಾರೆ. ಈ ಮನುಷ್ಯಾ ಒಬ್ಬನೇ ದಿನಾ ಬಂದು, ಗುಳಿಗಿ ನುಂಗಿದ್ಯಾ ಇಲ್ಲಾ ಅಂತ ಬಾಯಿ ತೆಗ್ಸಿ ನೋಡತಿದ್ದ, ಕುರಿಗಿ ಔಷಧ ಹಾಕಿದಂಗ."

ಕುರಿಹಟ್ಟಿಯ ಬಾಗಿಲಲ್ಲಿದ್ದ ಆದಪ್ಪ ಅಲ್ಲಿಂದಲೇ ಸೇರಿಸಿದ್ದರು: "ಕುರಿ ಕಚ್ಚಂಗಿಲ್ಲರೀ. ಈಕಿ ಕಚ್ಚತಿದ್ಲು."

ಹೊರಗೆ ಮಲಗಿದ ಆ ದಿನಗಳನ್ನು ಗದ್ದೆಮ್ಮ ಮರೆತಿಲ್ಲ. ರೋಗಕ್ಕಿಂತ ಊರಿನ ಬಾಯಿ ದೊಡ್ಡದು ಎಂಬುದು ಅವರಿಗೆ ಅಲ್ಲಿ ತಿಳಿಯಿತು. ಅದಕ್ಕೇ ತಮ್ಮ ಕೆಲಸದಲ್ಲಿ ಒಂದು ರೂಢಿ ಇಟ್ಟುಕೊಂಡರು. ಗುಳಿಗೆ ಮುಟ್ಟಿಸಿದ್ದಕ್ಕೆ ಗುರುತಾಗಿ, ಗುಳಿಗೆ ಜೋಡಿಸಿದ ಪಟ್ಟಿಯನ್ನೂ ಲ್ಯಾಬಿನ ಚೀಟಿಯನ್ನೂ ಜೊತೆಗಿಟ್ಟು ಫೋಟೋ ತೆಗೆದು ಕಚೇರಿಗೆ ಕಳಿಸಬೇಕು. ಚೀಟಿಯ ನಂಬರು ಕಂಡರೆ ಕಚೇರಿಗೆ ಸಾಕು. ಗದ್ದೆಮ್ಮ ರೋಗಿಯ ಹೆಸರಿನ ಮೇಲೆ ತಮ್ಮ ಎಡಗೈ ಹೆಬ್ಬೆರಳು ಒತ್ತಿ ಹಿಡಿದು ಫೋಟೋ ತೆಗೆಯುತ್ತಿದ್ದರು. ಆ ಬೆರಳಿನ ಉಗುರು ಜೋಳ ಕೊಯ್ಯುವಾಗ ಕುಡುಗೋಲು ತಾಗಿ ನಡುವೆ ಸೀಳಿದೆ. ಹಾಗೆಯೇ ಬೆಳೆಯುತ್ತದೆ.

ಫೋಟೋ ಕಳಿಸಲು ಸಂಸ್ಥೆ ತನ್ನದೇ ಚಾಟ್ ಆ್ಯಪ್ ಇಟ್ಟುಕೊಂಡಿತ್ತು. ಸಿಂಧನೂರಿನಲ್ಲಿ ತರಬೇತಿ ಕೊಟ್ಟ ಅಧಿಕಾರಿ ಹೇಳಿದ ಮಾತು ಗದ್ದೆಮ್ಮನಿಗೆ ಬಾಯಿಪಾಠ: "ಇದು ನಮ್ಮದೇ ಸರ್ವರ್. ಇಲ್ಲಿಗೆ ಬಂದದ್ದು ಹೊರಗೆ ಹೋಗುವುದಿಲ್ಲ." ಗದ್ದೆಮ್ಮ ಅದನ್ನು ನಂಬಿದರು. ಮನೆಮನೆಯಲ್ಲೂ ಅದನ್ನೇ ಹೇಳಿ ನಂಬಿಸಿದರು.

ಕಳೆದ ಚಳಿಗಾಲದಲ್ಲಿ ಆ ಫೋಟೋಗಳು ಊರಿನ ಮೊಬೈಲುಗಳಲ್ಲಿ ಕಾಣಿಸಿಕೊಂಡವು. ಅಂತರ್ಜಾಲದಲ್ಲಿ ಯಾರೋ ರಾಶಿ ಸುರಿದಿದ್ದರಂತೆ. ಅದರಲ್ಲಿ ಗುರುಗುಂಟಾ ಕಡೆಯ ಫೋಟೋಗಳನ್ನು ಯಾರೋ ಆರಿಸಿ ಹಂಚಿದರು. ಒಂದು ಫೋಟೋ ಎಲ್ಲಕ್ಕಿಂತ ಹೆಚ್ಚು ತಿರುಗಿತು. ಅದರಲ್ಲಿ ಚೀಟಿ ಇದೆ, ಗುಳಿಗೆ ಇದೆ, ಹೆಸರಿನ ಮೇಲೆ ಹೆಬ್ಬೆರಳಿದೆ. ಆದರೆ ಚೀಟಿ ಇಟ್ಟದ್ದು ಹೊಲಿಗೆ ಯಂತ್ರದ ಹಲಗೆಯ ಮೇಲೆ, ಆ ಹಲಗೆಯ ಸುತ್ತ ಬಣ್ಣಬಣ್ಣದ ಗುಂಡಿಗಳನ್ನು ಅಂಟಿಸಿದೆ. ಊರಿನ ಅರ್ಧ ಹೆಂಗಸರು ಕುಪ್ಪಸ ಹೊಲಿಯಲು ಕೊಟ್ಟು ಆ ಹಲಗೆಯ ಮುಂದೆ ನಿಂತವರೇ. ಯಂತ್ರದ ಒಡತಿಗೆ ಮದುವೆ ಗೊತ್ತಾಗಿತ್ತು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ವಾರದೊಳಗೆ ಗಂಡಿನ ಕಡೆಯವರು ಬಂದು ಸೀರೆ, ಹಣ್ಣಿನ ತಟ್ಟೆ ಹಿಂದೆ ಒಯ್ದರು. ಅವತ್ತೇ ಹುಡುಗಿಯ ತಾಯಿ ಗದ್ದೆಮ್ಮನ ಮನೆಗೆ ಬಂದರು. ಕೂಗಾಡಲಿಲ್ಲ. ಫೋನು ಮುಂದೆ ಹಿಡಿದು ಕೇಳಿದರು: "ಈ ಹೆಬ್ಬೆಟ್ಟು ನಿಂದು ಹೌದಲ್ಲ?"

"ಹೌದ ಯಕ್ಕ, ನಂದ."

"ಆತು. ಅಷ್ಟ ಕೇಳಾಕ ಬಂದಿದ್ದೆ."

ಫೋಟೋ ತೆಗೆದವರ ಫೋನಿನಿಂದಲ್ಲದೆ ಇನ್ನೆಲ್ಲಿಂದಲೋ ಅದು ಹೊರಗೆ ಹೋಗಬಹುದು ಎಂದು ಊರಿನಲ್ಲಿ ಯಾರಿಗೂ ಅನ್ನಿಸಲಿಲ್ಲ. ಗದ್ದೆಮ್ಮನಿಗೂ ಮೊದಲು ಅನ್ನಿಸಲಿಲ್ಲ. "ರಾತ್ರಿ ಎದ್ದೆದ್ದು ನನ್ನ ಫೋನ್ ನಾನೇ ನೋಡ್ಕೊಂತಿದ್ದೆರೀ. ನನಗ ಗೊತ್ತಿಲ್ದ ಎಲ್ಲಿ ಒತ್ತೀನೋ ಏನೋ ಅಂತ." ಆದಪ್ಪ ಕುರಿಸಂತೆಗೆ ಹೋದರೆ ಅಲ್ಲೂ ಮಾತು. ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಒಂದೇ: "ನಿನ್ನ ಹೆಬ್ಬೆಟ್ಟು ನಿನಗಿಂತ ದೊಡ್ಡ ಹೆಸರು ಮಾಡೇತಿ ನೋಡು."

ನಿಜವಾಗಿ ಏನಾಯಿತು ಎನ್ನುವುದನ್ನು ಹೇಳಬಲ್ಲವರು ಶಿವಪ್ರಸಾದ. ಆಗ ಸಂಸ್ಥೆಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು, ಈಗ ಆ ಕೆಲಸ ಬಿಟ್ಟು ಮಸ್ಕಿಯಲ್ಲಿ ಅಂಗಡಿಗಳಿಗೆ ಕ್ಯಾಮೆರಾ ಹಾಕಿಕೊಡುತ್ತಾರೆ. ಚಾಟ್‌ನಲ್ಲಿ ಪ್ರತಿಯೊಬ್ಬರ ಹೆಸರಿನ ಪಕ್ಕ ಒಂದು ಸಣ್ಣ ಮುಖಚಿತ್ರ ಇರುತ್ತದೆ. ಅದನ್ನು ಯಾರು ಕೇಳಿದರೂ, ಪಾಸ್‌ವರ್ಡ್ ಇಲ್ಲದವರು ಕೇಳಿದರೂ ಸರ್ವರ್ ಕೊಡುತ್ತಿತ್ತು. ಚಿತ್ರದ ಹೆಸರು ಹೇಳಬೇಕಾದಲ್ಲಿ ಎರಡು ಚುಕ್ಕಿ, ಒಂದು ಓರೆಗೆರೆ ಬರೆದರೆ, ಮುಖಚಿತ್ರಗಳನ್ನಿಟ್ಟ ಕೋಣೆ, ಅಂದರೆ ಆ ಫೋಲ್ಡರ್, ಬಿಟ್ಟು ಒಂದು ಮೆಟ್ಟಿಲು ಮೇಲೆ ಹೋಗು ಎಂದರ್ಥ. ಸರ್ವರ್ ಅದನ್ನು ತಡೆಯಬೇಕಿತ್ತು. ತಡೆಯಲಿಲ್ಲ.

"ಹೆಂಗಂದ್ರ," ಎಂದು ಶಿವಪ್ರಸಾದ ಬಿಡಿಸಿ ಹೇಳುತ್ತಾರೆ, "ಪಡಸಾಲಿಗಿ ಬಂದೋರು ಪಡಸಾಲ್ಯಾಗಿಂದು ಅಷ್ಟ ಕೇಳಬೇಕು. ಒಬ್ಬ ಬಂದು, ಪಡಸಾಲಿ ದಾಟು, ಮೆಟ್ಲ ಏರು, ಒಳಗಿನ ಕ್ವಾಣ್ಯಾಗಿನ ಗಂಟು ತಾ ಅಂತಾನ. ಮನಿ ಆಳು ಯಾರಪಾ ನೀ ಅಂತ ಕೇಳಬೇಕಿಲ್ಲೋ? ಇದು ಕೇಳಲಿಲ್ಲ. ಹೇಳಿದ ದಾರಿ ಹಿಡಿದು ಹೋತು, ತಂತು, ಕೊಟ್ಟುಬಿಡ್ತು. ಗದ್ದಕ್ಕನ ಫೋನಿಗೂ ಇದಕ್ಕೂ ಸಂಬಂಧನ ಇಲ್ಲ."

ಈ ತೂತು ಇದೆಯೆಂದು ಸಾಫ್ಟ್‌ವೇರ್ ಮಾಡಿದವರು ತಿಂಗಳುಗಳ ಮೊದಲೇ ಎಚ್ಚರಿಕೆ ಕೊಟ್ಟು, ಸರಿಪಡಿಸಿದ್ದನ್ನು ಹೊರತಂದಿದ್ದರಂತೆ. ಶಿವಪ್ರಸಾದ ಮೇಲಿನವರಿಗೆ ತಿಳಿಸಿದರು. ಅಪ್‌ಡೇಟ್ ಹಾಕಲು ಚಾಟ್ ಅರ್ಧ ದಿನ ನಿಲ್ಲಿಸಬೇಕಿತ್ತು. ದಾನಿಗಳು ಬರುವವರಿದ್ದಾರೆ, ಆಮೇಲೆ ನೋಡೋಣ ಎಂಬ ಉತ್ತರ ಬಂತು. "ಆಮ್ಯಾಲ ಅನ್ನೋದು ಬರಲೇ ಇಲ್ಲ. ನಾನೂ ಮತ್ತ ಕೇಳಲಿಲ್ಲ."

ಫೋಟೋ ಹೊರಬಿದ್ದ ಮೇಲೆ ಅಪ್‌ಡೇಟ್ ಹಾಕಿದ್ದು ಒಂದೇ ಮಧ್ಯಾಹ್ನದಲ್ಲಿ. ಆಮೇಲೆ ಸಿಂಧನೂರಿನಲ್ಲಿ ಸಭೆ ಆಯಿತು. ಗದ್ದೆಮ್ಮ ಎದ್ದು ನಿಂತು, ಊರಿಗೆ ಯಾರಾದರೂ ಬಂದು ತಪ್ಪು ಸರ್ವರ್‌ನದು ಎಂದು ಹೇಳಬೇಕು ಎಂದು ಕೇಳಿದರು. ಹಾಗೆ ಹೇಳಿದರೆ ಸಂಸ್ಥೆಯ ಮೇಲಿನ ನಂಬಿಕೆ ಹೋಗುತ್ತದೆ ಎಂದರು ಅಧಿಕಾರಿ. ಗದ್ದೆಮ್ಮನ ಮೇಲಿನ ನಂಬಿಕೆ ಹೋದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಕೆಲಸದವರಿಗೆಲ್ಲ ಒಂದು ಹೊಸ ನಿಯಮ ಬಂತು: ಇನ್ನು ಮುಂದೆ ಫೋಟೋದಲ್ಲಿ ಯಾರ ಬೆರಳೂ ಕಾಣಬಾರದು.

ಈಗ ಚೀಟಿಯ ಮೇಲೆ ಹೆಸರು ಬಿಚ್ಚಿ ಕಾಣುತ್ತದೆ. ನಿಯಮದಂತೆ.

"ಕೆಲಸ ಬಿಟ್ಟುಬಿಡು ಅಂತಾರ ಮನ್ಯಾಗ," ಎನ್ನುತ್ತಾರೆ ಗದ್ದೆಮ್ಮ, ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು. ಪಕ್ಕದ ಸೀಟು ಖಾಲಿ ಇದೆ, ನಿಂತವರೂ ಇದ್ದಾರೆ. "ಬಿಟ್ರ ಖರೇನ ಈಕಿ ತೋರ್ಸ್ಯಾಳ, ಅದಕ್ಕ ಓಡಿಹೋದ್ಲು ಅಂತಾರ. ಅದು ಹೋಗ್ಲಿ. ಆ ಹುಡುಗಿ ಗುಳಿಗಿ ಬಿಟ್ಟಾಳರೀ. ಅದು ನನಗ ನಿದ್ದಿ ಕೊಡವಲ್ದು."

ಹೊಲಿಗೆಯ ಹುಡುಗಿ ಮೊದಲ ಎರಡು ತಿಂಗಳು ತಪ್ಪದೆ ಗುಳಿಗೆ ನುಂಗಿದ್ದಳು. ಕೆಮ್ಮು ಇಳಿದಿತ್ತು, ಮೈ ತುಂಬಿಕೊಂಡಿತ್ತು. ಮದುವೆ ಮುರಿದ ದಿನ ನಿಲ್ಲಿಸಿದಳು. ನಡುವೆ ನಿಲ್ಲಿಸಿದರೆ ರೋಗ ಗಟ್ಟಿಯಾಗಿ ತಿರುಗಿ ಬರುತ್ತದೆ, ಆಮೇಲೆ ಈ ಗುಳಿಗೆಗೆ ಅದು ಬಗ್ಗದೆ ಹೋಗಬಹುದು. ಕೆಮ್ಮು ಮತ್ತೆ ಶುರುವಾಗಿದೆಯೆಂದು ಪಕ್ಕದ ಮನೆಯವರು ಹೇಳುತ್ತಾರೆ. ಆಸ್ಪತ್ರೆಯ ನರ್ಸ್ ಹೋದರೂ ಅವಳು ಬಾಗಿಲು ತೆರೆಯಲಿಲ್ಲ.

ಮಧ್ಯಾಹ್ನ ಲಿಂಗಸುಗೂರಿನಿಂದ ಮರಳಿದ ಗದ್ದೆಮ್ಮ ತಮ್ಮ ಮನೆಗೆ ಹೋಗದೆ ನೇರ ಆ ಓಣಿಗೆ ನಡೆಯುತ್ತಾರೆ. ಪ್ರತಿ ವಾರ ಹೀಗೇ. ಒಳಗೆ ಹೊಲಿಗೆ ಯಂತ್ರದ ಸದ್ದು ಕೇಳುತ್ತಿದೆ. ಇವರ ಚಪ್ಪಲಿಯ ಸದ್ದಿಗೆ ಅದು ನಿಲ್ಲುತ್ತದೆ. ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಹೆಂಗಸರು ಎದ್ದು ಒಳಗೆ ಹೋಗುತ್ತಾರೆ.

ಗದ್ದೆಮ್ಮ ಬಾಗಿಲು ಬಡಿಯುವುದಿಲ್ಲ. ಗುಳಿಗೆಯ ಪಟ್ಟಿಯನ್ನು ಹೊಸ್ತಿಲ ಮೇಲಿಟ್ಟು, ಕದಕ್ಕೆ ಬಾಯಿ ಹತ್ತಿರ ತಂದು, ಸಣ್ಣ ದನಿಯಲ್ಲಿ ಹೇಳುತ್ತಾರೆ:

"ತಂಗೀ, ನಾನ ತೋರ್ಸೀನಿ ಅಂತ ತಿಳ್ಕೊ. ಅಡ್ಡಿಲ್ಲ. ಊರಾಗೂ ಹಂಗ ಹೇಳು, ನಾ ಹೌದಂತೀನಿ. ಗುಳಿಗಿ ಒಂದ್ ನುಂಗವ್ವಾ."

ಪೆಟ್ಟಿಗೆ ಎತ್ತಿಕೊಂಡು ಗದ್ದೆಮ್ಮ ಓಣಿ ದಾಟುತ್ತಾರೆ.